ಗೂಡಿನ ಗಾಡಿಯ ಮುಚ್ಚಳ

ರಂಗಧಾಮ ತನ್ನ ಪಿಕಪ್ ಗಾಡಿಯ ಹಿಂಭಾಗಕ್ಕೆ ಹೊಸ ಫೈಬರ್ ಮುಚ್ಚಳ ಹಾಕಿಸಿದ. ಸುತ್ತ ದಪ್ಪ ರಬ್ಬರ್ ಅಂಚು, ನಾಲ್ಕು ಕಡೆ ಬೀಗದ ಚಿಲಕ. ಹಿಂದೊಮ್ಮೆ ಯಾರದೋ ಅವಲಕ್ಕಿ ಮೂಟೆ ನೆಂದು, ಊರೆಲ್ಲ ಅವನನ್ನು ಜರಡಿ ಗಾಡಿಯವನು ಅಂತ ಆಡಿಕೊಂಡಿತ್ತು. ಈಗ ಕಂಡವರಿಗೆಲ್ಲ ಮುಚ್ಚಳದ ಮೇಲೆ ಬಿಂದಿಗೆ ನೀರು ಸುರಿದು ತೋರಿಸುತ್ತಿದ್ದ. ಒಂದು ಹನಿ ಒಳಗಿಳಿಯುತ್ತಿರಲಿಲ್ಲ.

ಗಂಗಹನುಮಕ್ಕ ರೇಷ್ಮೆ ಸಾಕುವವಳು. ಅವಳದು ನೂಲಿನ ಗೂಡಲ್ಲ, ಬಿತ್ತನೆ ಗೂಡು. ಪ್ರತಿ ಗೂಡಿನೊಳಗೂ ಹುಳ ಜೀವಂತ ಇರಬೇಕು. ಅದು ಚಿಟ್ಟೆಯಾಗಿ ಮೊಟ್ಟೆ ಇಟ್ಟರೇ ಸುತ್ತಲ ಹಳ್ಳಿಗಳಿಗೆ ಮುಂದಿನ ಬೆಳೆ. ತಿಂಗಳೊಪ್ಪತ್ತು ಸೊಪ್ಪು ಹಾಕಿ ಸಾಕಿದ್ದು ಆರು ಕ್ರೇಟ್ ಆಗಿತ್ತು. ಬಿತ್ತನೆ ಕೇಂದ್ರಕ್ಕೆ ಒಯ್ಯಲು ರಂಗಧಾಮನ ಗಾಡಿಗೆ ಏರಿಸಿದಳು. ಮೋಡ ನೋಡಿ ಅವನು ನಾಲ್ಕೂ ಚಿಲಕ ಬಿಗಿದ.

ಮಾಗಡಿ ದಾರಿಯಲ್ಲಿ ಮಳೆ ಹೊಡೆಯಿತು. ಮುಂದೆ ಮರ ಬಿದ್ದು ಗಾಡಿಗಳೆಲ್ಲ ನಿಂತವು. ಮಳೆ ಬಿಟ್ಟಿದ್ದೇ ತಡ, ಚುರುಗುಟ್ಟುವ ಬಿಸಿಲು. ಗಂಗಹನುಮಕ್ಕ ಇಳಿದು ಮುಚ್ಚಳ ಮುಟ್ಟಿದಳು. ಕಾದ ಹೆಂಚಿನ ಹಾಗಿತ್ತು. ತೆಗಿ ಅಂದಳು. ಅವನು ಪಡುವಲಲ್ಲಿ ಏಳುತ್ತಿದ್ದ ಇನ್ನೊಂದು ಕರಿಮೋಡ ತೋರಿಸಿದ. ಮತ್ತೆ ಕೇಳಿದಳು. ಅಕ್ಕನ ಹುಳಕ್ಕೆ ಫ್ಯಾನ್ ಬೇಕಂತೆ ಅಂತ ಹಿಂದಿನ ಟೆಂಪೊದವನಿಗೆ ಹೇಳಿ ನಕ್ಕ.

ಮುಕ್ಕಾಲು ಗಂಟೆ ಹಾಗೇ ಹೋಯಿತು. ಮೋಡ ನೆತ್ತಿಗೆ ಬಂತು. ದಪ್ಪ ಹನಿ ಬೀಳತೊಡಗಿತು. ಗಂಗಹನುಮಕ್ಕ ಕಿಟಕಿಯೊಳಗೆ ಕೈ ಹಾಕಿ ಕೀಲಿಗೊಂಚಲು ಕಿತ್ತುಕೊಂಡಳು.

“ನೀರು ಹೋಗಬಾರದು ಅಂತ ತಾನೆ ಮುಚ್ಚಳ ಇರೋದು? ತೆಗೆದ್ರೆ ನೆನೆಯುತ್ತೆ ಕಣಕ್ಕ.”

“ನೆಂದಿದ್ದನ್ನ ಒಣಗಿಸ್ಕೋತೀನಿ. ಸತ್ತಿದ್ದನ್ನ ಏನ್ ಮಾಡ್ಲಿ, ನೀನೇ ಹೇಳು.”

ರಂಗಧಾಮ ಅವಳ ಕೈಯಿಂದ ಕೀಲಿ ಇಸಕೊಂಡು ಹಿಂದಿನ ಎರಡು ಚಿಲಕ ಬಿಚ್ಚಿದ. ಅನ್ನದ ಪಾತ್ರೆ ತೆರೆದಂತೆ ಬಿಸಿ ಹಬೆ ಅವನ ಮುಖಕ್ಕೆ ಹೊಡೆಯಿತು. ಜಾಕ್ ರಾಡು ಕೊಟ್ಟು ಮುಚ್ಚಳವನ್ನು ಒಂದು ಮೊಳ ಎತ್ತಿ ನಿಲ್ಲಿಸಿದ. ನಾಲ್ಕು ಕ್ರೇಟು ಬಾಗಿಲ ಕಡೆಗೇ ಇದ್ದವು. ಒಳತುದಿಯ ಎರಡನ್ನೂ ಬಾಗಿಲಿಗೆ ಎಳೆಯಬೇಕು ಅನ್ನುವಷ್ಟರಲ್ಲಿ ದಾರಿ ತೆರೆಯಿತು, ಹಿಂದಿನವರು ಹಾರನ್ ಒತ್ತಿದರು. ಎರಡು ಅಲ್ಲೇ ಉಳಿದವು. ಗಂಗಹನುಮಕ್ಕ ಹಿಂದೆಯೇ ಕೂತು, ಬಂದಷ್ಟು ಇರಚಲಿಗೆ ಕೊಡೆ ಅಡ್ಡ ಹಿಡಿದಳು. ಆದರೂ ಬಾಗಿಲ ಕಡೆಯ ಕ್ರೇಟುಗಳು ಅಷ್ಟಿಷ್ಟು ನೆಂದವು.

ಕೇಂದ್ರದಲ್ಲಿ ಪರೀಕ್ಷೆ ಮಾಡುವವರು ಒಳಗಿನ ಕ್ರೇಟಿನ ಒಂದು ಗೂಡು ಕತ್ತರಿಸಿ ಹುಳವನ್ನು ಅಂಗೈ ಮೇಲೆ ಹಾಕಿಕೊಂಡರು. ಅಲ್ಲಾಡಲಿಲ್ಲ. ಇನ್ನೊಂದು ಕತ್ತರಿಸಿದರು. ಅದೂ ಇಲ್ಲ. ಗಂಗಹನುಮಕ್ಕ ಗೋಡೆ ಕಡೆ ತಿರುಗಿ ನಿಂತಳು. ಆಮೇಲೆ ಬಾಗಿಲ ಕಡೆಯ ಕ್ರೇಟಿನದು. ಹುಳ ನಿಧಾನವಾಗಿ ಬಾಲ ತಿರುಗಿಸಿತು. ಆ ನಾಲ್ಕು ಕ್ರೇಟಿನಲ್ಲೂ ಜೀವ ಇತ್ತು.

ಒಳಗಿನವು ಮಳೆಗೆ ನೆಂದಿದ್ದವಾ ಅಂತ ಅವರು ಕೇಳಿದರು.

“ಇಲ್ಲ ಸಾರ್,” ಅಂದ ರಂಗಧಾಮ. “ನೆಂದಿರೋವು ಬದುಕಿರೋವೇ. ಸತ್ತೋವಕ್ಕೆ ಒಂದ್ ಹನಿ ತಾಕಿಲ್ಲ.”

ನೀತಿ: ಮುಚ್ಚಳ ನೀರು ತಡೆಯಬೇಕು, ಸರಿಯೇ. ಆದರೆ ಕಾಪಾಡಲು ಹೊರಟವನು, ಒಳಗಿರುವ ಜೀವಕ್ಕೆ ಏನು ಬೇಕು ಅಂತ ಮೊದಲು ಕೇಳಬೇಕು. ಕೇಳದೆ ಬಿಗಿದ ಚಿಲಕ ಮಳೆಗಿಂತ ಕೆಟ್ಟದ್ದು.