ಮೂರು ಕಂಟ್ರೋಲರ್, ಒಂದೇ ದೂರು

"ಮೇಷ್ಟ್ರೇ, ಈ ತಂಡವನ್ನೂ ಬಿಟ್ಟುಬಿಡಲಾ?"

ಕೊಟ್ರೇಶ ಹೀಗೆ ಕೇಳಿದಾಗ, ಹುಡುಗರಿಗೆ ಕಂಪ್ಯೂಟರ್ ಆಟ ಕಲಿಸುವ ಹಾಲಪ್ಪ ಮೇಷ್ಟ್ರು ಕುರ್ಚಿಗಳನ್ನು ಸಾಲಾಗಿ ಇಡುತ್ತಿದ್ದರು. ಯಾಕಪ್ಪಾ, ಏನಾಯಿತು ಎಂದರು.

ಕೊಟ್ರೇಶ ಹೇಳಿಕೊಂಡ. ಮೊದಲನೇ ತಂಡದ ಕ್ಯಾಪ್ಟನ್ ಪ್ರತಿ ಸೋಲಿಗೂ ಅವನನ್ನೇ ಎಲ್ಲರ ಮುಂದೆ ನಿಲ್ಲಿಸಿ ಬೈಯುತ್ತಿದ್ದ. ಎರಡು ವರ್ಷ ಸಹಿಸಿ ಆ ತಂಡ ಬಿಟ್ಟ. ಎರಡನೆಯದನ್ನು ಜಗಳವಾಡಿ ಬಿಟ್ಟ. ಈಗಿರುವುದು ಮೂರನೆಯದು. ನಿನ್ನೆ ಪಂದ್ಯ ಸೋತ ಮೇಲೆ ಇಲ್ಲಿಯ ಕ್ಯಾಪ್ಟನ್ ಸಿಂಚನಾ, "ಕೊಟ್ರೇಶ, ಬಾ, ಆಟವನ್ನು ಇನ್ನೊಂದು ಸಲ ನೋಡೋಣ" ಎಂದಳು. ಇವನು, "ಎಲ್ಲಾ ನನ್ನ ತಲೆಗೇ ಕಟ್ಟಬೇಡ" ಎಂದು ಕೂಗಾಡಿ ಎದ್ದು ಬಂದ. ಇವತ್ತು ಸಂಜೆಯೊಳಗೆ ಹೋಗದಿದ್ದರೆ ಅವನ ಜಾಗಕ್ಕೆ ಬೇರೆಯವರು ಬರುತ್ತಾರೆ.

"ಎಲ್ಲಾ ತಂಡಗಳೂ ಒಂದೇ ಮೇಷ್ಟ್ರೇ. ಹೋಲಿಸಿ ನೋಡಿಯಾಯಿತು. ಆಡುವುದನ್ನೇ ಬಿಡೋಣ ಅನ್ನಿಸುತ್ತಿದೆ."

"ಹೋಲಿಸಿ ನೋಡಿದೆಯಾ? ಶಹಬ್ಬಾಸ್! ಕೂತುಕೋ. ಹೋಲಿಸಿ ನೋಡಿದವಳದೊಂದು ಕತೆ ಹೇಳುತ್ತೇನೆ. ಮಧ್ಯೆ ಬಾಯಿ ಹಾಕಬೇಡ."

ಮೇಷ್ಟ್ರು ಹೇಳತೊಡಗಿದರು.

ಒಬ್ಬ ಆಟಗಾರ್ತಿ ಇದ್ದಳು. ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತಿದ್ದಳು. ಅವಳ ಹತ್ತಿರ ಇದ್ದದ್ದು ಯಾರೋ ಆಡಿ ಸವೆಸಿ ಮಾರಿದ ಒಂದು ಕಂಟ್ರೋಲರ್, ಎರಡೂ ಕೈಯಲ್ಲಿ ಹಿಡಿದು ಆಡುವಂಥದ್ದು. ಎಡಗೈ ಹೆಬ್ಬೆರಳಿನಲ್ಲಿ ತಳ್ಳಿ ಕಾರು ತಿರುಗಿಸುತ್ತೇವಲ್ಲ, ಆ ಸ್ಟಿಕ್ ಅದರಲ್ಲಿ ಹಾಳಾಗಿತ್ತು. ಮುಟ್ಟದಿದ್ದರೂ ಕಾರು ತಾನೇ ಎಡಕ್ಕೆ ಹೋಗುತ್ತಿತ್ತು. ಹೊಸದು ತರುವ ಅನುಕೂಲ ಮನೆಯಲ್ಲಿ ಇರಲಿಲ್ಲ. ಅದರಲ್ಲೇ ವರ್ಷಗಟ್ಟಲೆ ಆಡಿದಳು. ಗೆದ್ದಳು ಕೂಡ.

ಒಮ್ಮೆ ಒಂದು ದೊಡ್ಡ ತಂಡಕ್ಕೆ ಆಯ್ಕೆಯ ರೇಸ್ ಇತ್ತು. ಆಯ್ಕೆಯಾದರೆ ಅವಳ ದಾರಿಯೇ ಬೇರೆ. ಇಲ್ಲದಿದ್ದರೆ ಚಿಕ್ಕಪ್ಪನ ಜೆರಾಕ್ಸ್ ಅಂಗಡಿಯಲ್ಲಿ ಕೂರಬೇಕು. ಮನೆಯಲ್ಲಿ ಮಾತು ಆಗಿಹೋಗಿತ್ತು. ರೇಸಿಗೆ ಇನ್ನೊಂದು ವಾರ ಇದೆ ಅನ್ನುವಾಗ ಆ ಹಾಳು ಸ್ಟಿಕ್ ಮುರಿದೇ ಹೋಯಿತು. ಅಪ್ಪ ಹೇಗೋ ಹೊಂದಿಸಿಕೊಟ್ಟ. ಅಂಗಡಿಗೆ ಓಡಿದಳು.

ಅಂಗಡಿಯ ವ್ಯಾಪಾರಿ ಒಳ್ಳೆಯ ಮನುಷ್ಯ. ಕಂಪ್ಯೂಟರ್ ಮುಂದೆ ಕೂರಿಸಿ, ಆಡಿ ನೋಡಿಯೇ ತಗೋ ಎಂದ. ಮೊದಲು ಒಂದು ವಯರಿನದು ಕೊಟ್ಟ. ಹಗುರ, ಕೈಗೆ ಚೆನ್ನಾಗಿ ಕೂತಿತು. ಆದರೆ ಕಾರು ಬಲಕ್ಕೆ ಹೋಗಿ ಬೇಲಿಗೆ ಗುದ್ದಿತು. ಆಮೇಲೆ ವಯರಿಲ್ಲದ್ದು ಕೊಟ್ಟ. ಗುಂಡಿಗಳು ಬೆಣ್ಣೆಯ ಹಾಗೆ ಇದ್ದವು, ಬ್ಯಾಟರಿಯಿಂದ ಸ್ವಲ್ಪ ಭಾರ. ಅದೂ ಬಲಕ್ಕೇ. ವ್ಯಾಪಾರಿ ಒಳಗೆ ಹೋಗಿ ಎಲ್ಲಕ್ಕಿಂತ ದುಬಾರಿಯದನ್ನು ತಂದ. ಇದರ ಸ್ಟಿಕ್ಕಿನೊಳಗೆ ಆಯಸ್ಕಾಂತ ಇದೆಯಮ್ಮಾ, ಸವೆಯುವುದಿಲ್ಲ, ಯಾವ ಕಡೆಗೂ ಎಳೆಯುವುದಿಲ್ಲ ಎಂದ. ಅಯ್ಯೋ, ಅದಂತೂ ಬಲಕ್ಕೆ ನುಗ್ಗಿ ಬೇಲಿಯನ್ನೇ ಮುರಿಯಿತು.

"ನಿಮ್ಮ ಅಂಗಡಿಯಲ್ಲಿ ಒಂದೂ ಸರಿಯಿಲ್ಲ! ನನ್ನ ಹಳೆಯದೇ ಚೆನ್ನಾಗಿತ್ತು" ಎಂದು ರೇಗಿದಳು. ಕೇಳಿದೆಯಾ ಮಾತು? ಹಾಳಾಗಿದ್ದೇ ಚೆನ್ನಾಗಿತ್ತಂತೆ! ನಗು, ನಗು. ನೀನು ನಗುವ ಹಾಗಿಲ್ಲ ಕೊಟ್ರೇಶ.

ವ್ಯಾಪಾರಿಗೂ ತಲೆ ಕೆಟ್ಟಿತು. ಎಲ್ಲವೂ ಒಂದೇ ಕಡೆ ಎಳೆಯುವುದು ಹೇಗೆ ಅಂತ ಅವನಿಗೂ ತಿಳಿಯಲಿಲ್ಲ. ಮೊದಲು ಟೀ ಕುಡಿಯೋಣ ಎಂದು ಲೋಟ ನೀಡಿದ. ಆಟದಲ್ಲಿ ಕಾರು ಓಡುತ್ತಲೇ ಇತ್ತು. ಬಲಗೈ ಬೆರಳು ವೇಗದ ಗುಂಡಿಯ ಮೇಲಿತ್ತು. ಇವಳು ಎಡಗೈಯಲ್ಲೇ ಲೋಟ ತೆಗೆದುಕೊಂಡಳು. ಎಡಗೈಯಲ್ಲಿ ತಗೋಬಾರದು ಅಂತೆಲ್ಲ ಯಾರು ನೋಡುತ್ತಾರೆ, ಆಟದವರ ಕತೆಯೇ ಅಷ್ಟು.

ಕಾರು ನೇರವಾಗಿ ಹೋಯಿತು.

ಅವಳು ಲೋಟ ಹಿಡಿದುಕೊಂಡು ನೋಡುತ್ತಾ ಕೂತಳು. ರಸ್ತೆ ನೇರ ಇತ್ತು, ಕಾರೂ ನೇರ. ಲೋಟ ಇಟ್ಟು ಹೆಬ್ಬೆರಳನ್ನು ಸ್ಟಿಕ್ಕಿನ ಮೇಲೆ ಸುಮ್ಮನೆ ಇಟ್ಟಳು. ಬಲಕ್ಕೆ ಹೋಯಿತು. ತೆಗೆದಳು. ನೇರವಾಯಿತು. ತಳ್ಳುತ್ತಿದ್ದೇನೆ ಅಂತ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಮೂರು ಕಂಟ್ರೋಲರನ್ನೂ ಹೀಗೇ ನೋಡಿದಳು. ಆಮೇಲೆ ಅಂಗಡಿಯಲ್ಲೇ ಅತ್ತುಬಿಟ್ಟಳು.

"ಅಣ್ಣಾ, ಕೆಟ್ಟಿರುವುದು ನನ್ನ ಕೈಯೇ. ಇನ್ನೇನು ಮಾಡಲಿ?"

"ಕೈಗೆ ಏನೂ ಆಗಿಲ್ಲಮ್ಮಾ. ಹಳೆಯದು ಎಡಕ್ಕೆ ಎಳೆಯುವಾಗ ಬಲಕ್ಕೆ ತಳ್ಳಿ ತಳ್ಳಿ ಇಷ್ಟು ವರ್ಷ ನಿನ್ನ ಕಾರನ್ನು ರಸ್ತೆಯಲ್ಲಿ ಉಳಿಸಿದ್ದು ಈ ಬೆರಳೇ ತಾನೇ? ಅಂಥಾ ಕಷ್ಟದ್ದನ್ನೇ ಕಲಿತ ಬೆರಳು ಸುಲಭದ್ದು ಕಲಿಯುವುದಿಲ್ಲವಾ?"

ಅವಳು ವಯರಿನದನ್ನೇ ತೆಗೆದುಕೊಂಡಳು. ಮನೆಗೆ ಹೋಗಿ ರೇಸ್ ಆಡಲಿಲ್ಲ. ಖಾಲಿ ರಸ್ತೆಯಲ್ಲಿ ನೇರವಾಗಿ ಹೋಗುವುದನ್ನೇ ಅಭ್ಯಾಸ ಮಾಡಿದಳು. ಅದು ಮಹಾ ಬೇಜಾರಿನ ಕೆಲಸ. ಬೇಲಿಗೆ ಗುದ್ದುವಳು, ಬೆರಳನ್ನು ಬೈಯುವಳು, ಮತ್ತೆ ಹೊರಡುವಳು. ದಿನ ಕಳೆದಂತೆ ಗುದ್ದುವುದು ಕಡಿಮೆಯಾಯಿತು. ಮನೆಯವರಿಗೆ, ಇವಳೇನು ಆಡುತ್ತಾಳೋ ದಡ್ಡಿಯ ಹಾಗೆ, ಅನ್ನಿಸಿತು.

ಕೊಟ್ರೇಶನಿಗೆ ತಡೆಯಲಾಗಲಿಲ್ಲ. "ಆಯ್ಕೆ ಆದಳಾ ಮೇಷ್ಟ್ರೇ?"

"ಬಾಯಿ ಹಾಕಬೇಡ ಅಂದಿದ್ದೆ. ಆದಳು. ಕಟ್ಟಕಡೆಯ ಜಾಗಕ್ಕೆ ಆದಳು, ಆದರೂ ಆದಳು. ರೇಸಿನಲ್ಲೂ ಬಲಗಡೆಯ ಬೇಲಿಯನ್ನು ಸವರಿಕೊಂಡೇ ಹೋದಳು. ಬೆರಳು ಒಂದು ವಾರದಲ್ಲಿ ಎಲ್ಲಾ ಮರೆಯುತ್ತದೆಯೇ? ಆದರೆ ಎಳೆಯುತ್ತಿರುವುದು ಏನು ಅಂತ ಈಗ ಗೊತ್ತಿತ್ತಲ್ಲ, ಕಂಟ್ರೋಲರನ್ನು ಬೈಯದೆ ತಿದ್ದಿಕೊಂಡು ಮುಂದೆ ಹೋದಳು. ನನಗೆ ಆ ಹುಡುಗಿಯನ್ನು ಕಂಡರೆ ಬಹಳ ಅಭಿಮಾನ."

ಕೊಟ್ರೇಶ, "ಕತೆ ಚೆನ್ನಾಗಿದೆ ಮೇಷ್ಟ್ರೇ. ಆದರೆ ನಾನು ಕೇಳಿದ್ದು ತಂಡದ ವಿಷಯ" ಎಂದ.

ಮೇಷ್ಟ್ರು ಅವನ ಹೆಗಲ ಮೇಲೆ ಕೈ ಇಟ್ಟರು.

"ಸಿಂಚನಾ 'ಬಾ, ನೋಡೋಣ' ಅಂದದ್ದು ನಿನಗೆ ಯಾರ ದನಿಯಲ್ಲಿ ಕೇಳಿಸಿತು, ಕೊಟ್ರೇಶ?"