ಅದಲುಬದಲಾದ ಇಂಜೆಕ್ಟರ್

ಅಕ್ಕಿಗಿರಣಿ ಪಂಪನಗೌಡರ ಕಾರು ಗಡಗಡ ಅದುರತೊಡಗಿತು. "ನಿನ್ನ ಕೈನೇ ಸರಿಯಿಲ್ಲ. ಸಂಜಿಯೊಳಗ ರಿಪೇರಿ ಮಾಡು, ಇಲ್ಲಾಂದ್ರ ಕೀಲಿ ಇಟ್ಟು ಹೋಗು" ಅಂದರು ಡ್ರೈವರ್ ಹುಲಗಪ್ಪನಿಗೆ.

ಹುಲಗಪ್ಪ ಬಾನೆಟ್ ಎತ್ತಿದ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳಲ್ಲಿ ಒಂದು ಮಾತ್ರ ಟಿಕ್ ಟಿಕ್ ಅನ್ನದೆ ಸತ್ತಂತೆ ಕೂತಿತ್ತು. ಅದನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿದ. ಸತ್ತಿದ್ದು ಅಲ್ಲಿ ಹೋಗಿ ಟಿಕ್ ಟಿಕ್ ಅಂದಿತು. ಚೆನ್ನಾಗಿದ್ದದ್ದು ಇಲ್ಲಿ ಬಂದು ಸತ್ತಿತು.

"ಇಂಜೆಕ್ಟರ್ ಎರಡೂ ಚಲೋ ಅದಾವ್ರೀ. ಈ ಜಾಗಕ್ಕ ಕರೆಂಟ್ ತರೋ ವೈರೇ ಕಡಿದೈತಿ" ಅಂದು ವೈರ್ ಜೋಡಿಸಿದ. ಅದುರುವುದು ನಿಂತಿತು.

"ಕಡಿದಿದ್ದೂ ನಿನ್ನ ಕೈಯಿಂದನ" ಅಂದರು ಗೌಡರು.

ಹುಲಗಪ್ಪನಿಗೆ ಸಾಕಾಗಿತ್ತು. "ನೀವು ಬಿಡಿಸಿದ ಡ್ರೈವರ್‌ಗಳೆಲ್ಲ ಬ್ಯಾರೆ ಕಡೆ ಚಲೋ ದುಡಿಯಾಕತ್ತಾರ್ರೀ. ಇಲ್ಲಿ ಕುಂತವರಷ್ಟ ಕೆಡ್ತಾರ."

ಗೌಡರು ಕೈಚಾಚಿ ಕೀಲಿ ಇಸಿದುಕೊಂಡರು.

ಮರುದಿನ ಹೊಸ ಡ್ರೈವರ್ ಬಂದ. ಸಂಜೆಯಷ್ಟರಲ್ಲಿ ಅವನ ಕೈಯೂ ಸರಿಯಿಲ್ಲದಾಯಿತು.