ಗೀಜಗನ ಒಂದೇ ಗ್ರಹ

ಕಾಡಿನ ಗೇಮ್ ತಯಾರಿಕೆಯ ಸ್ಪರ್ಧೆಗೆಂದು ಗೀಜಗ ಹಕ್ಕಿಯೂ ಬಸವನಹುಳುವೂ ಸೇರಿ ಬಾಹ್ಯಾಕಾಶ ಯಾನದ ಕಥೆಯುಳ್ಳ ಆಟವೊಂದನ್ನು ಕಟ್ಟುತ್ತಿದ್ದವು. ಸಂಜೆಯೊಳಗೆ ಒಪ್ಪಿಸಬೇಕಿತ್ತು. ಗೀಜಗ ಮಾತ್ರ ಗ್ರಹದ ಮೇಲೆ ಗ್ರಹ ಹೆಣೆಯುತ್ತಲೇ ಇತ್ತು.

"ಗೀಜಗಣ್ಣ, ಆಡಿ ನೋಡಿದೆ. ಎಲ್ಲಿ ಇಳಿದರೂ ಮಾತಾಡಿಸುವವರಿಲ್ಲ," ಎಂದಿತು ಬಸವನಹುಳು.

"ಇಷ್ಟು ಚೆಂದದ ಗ್ರಹಗಳು ಸಾಲವೆ?" ಗೀಜಗಕ್ಕೆ ಸಿಟ್ಟು ಬಂತು.

"ಚೆಂದವೇನೋ ಇವೆ. ಆದರೆ ಮನೆಯನ್ನು ಬೆನ್ನ ಮೇಲೆ ಹೊತ್ತ ನನಗೂ ಅಲ್ಲಿ ಮನೆ ನೆನಪಾಯಿತು."

ಗೀಜಗ ಒಂದು ಗ್ರಹ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಬಿಚ್ಚಿಹಾಕಿತು. ಅಲ್ಲಿ ನೌಕೆ ಕೆಟ್ಟು ಉಳಿದುಹೋದ ಅಜ್ಜಿಯೊಬ್ಬಳನ್ನು ಕೂರಿಸಿತು. ಇಳಿದವರನ್ನು ಅವಳು, "ಬಂದೆಯಾ ಮಗಾ? ಊಟ ಆಯಿತಾ?" ಎಂದು ಕೇಳುತ್ತಿದ್ದಳು.

ಸಂಜೆ ತೀರ್ಪುಗಾರ ಗೂಬೆ ಆಡಲು ಕೂತಿತು. ಮುಂದಿನ ಆಟಕ್ಕೆ ಕರೆ ಬಂದಾಗ, "ಸ್ವಲ್ಪ ತಡೆಯಿರಿ, ಅಜ್ಜಿಯ ಮಾತು ಇನ್ನೂ ಮುಗಿದಿಲ್ಲ," ಎಂದಿತು.

ಗೀಜಗ ಸರಿದು ಬಸವನಹುಳುವಿಗೆ ಒತ್ತಿಕೊಂಡು ಕೂತಿತು.